ಗುಂಪು ಬಿಟ್ಟು ಮೂರು ವರ್ಷ: ಈಗಿರುವ ‘ನಾನು’ ಯಾರು?

ತುಂಗಾತೀರ:

ನಮಸ್ಕಾರ. ಇಲ್ಲಿ ಬಹಳ ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

22ನೇ ವಯಸ್ಸಿಗೆ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಗ, ಒಬ್ಬ ಗುರುವಿನ ಗುಂಪಿಗೆ ಸೇರಿದೆ. ಹನ್ನೊಂದು ವರ್ಷ ಅಲ್ಲೇ ಇದ್ದೆ. ಬಿಟ್ಟು ಬಂದು ಮೂರು ವರ್ಷ ಆಯಿತು. ಗುಂಪಿನ ಹೆಸರು ಹೇಳುವುದಿಲ್ಲ. ದಯವಿಟ್ಟು ಕೇಳಬೇಡಿ, ಊಹೆ ಮಾಡಿ ಬರೆಯಲೂ ಬೇಡಿ. ಅಲ್ಲಿ ಏನೇನು ನಡೆಯಿತು ಅನ್ನುವುದಕ್ಕಿಂತ ಈಗ ಏನಾಗುತ್ತಿದೆ ಅನ್ನುವುದನ್ನು ಕೇಳಬೇಕಾಗಿದೆ.

ಕಳೆದ ವಾರ ಅಮ್ಮನ ಜೊತೆ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿದ್ದೆ. ತಂಗಿಯ ಮಗಳ ನಾಮಕರಣಕ್ಕೆ ಸೀರೆ ತರುವುದಿತ್ತು. ಅಂಗಡಿಯವರು ಒಂದಾದ ಮೇಲೊಂದು ಬಿಚ್ಚಿ ಹಾಸಿದರು. “ನಿಂಗ್ಯಾವುದು ಇಷ್ಟವೇ?” ಅಂದಳು ಅಮ್ಮ. ನನಗೆ ಗೊತ್ತಾಗಲಿಲ್ಲ. ಸಂಕೋಚ ಅಲ್ಲ, ದುಡ್ಡಿನ ಯೋಚನೆಯೂ ಅಲ್ಲ. ಒಳಗೆ ಎಷ್ಟು ತಡಕಾಡಿದರೂ ಉತ್ತರ ಸಿಗಲಿಲ್ಲ. ಹನ್ನೊಂದು ವರ್ಷ ಬಿಳಿ ಬಿಟ್ಟು ಬೇರೆ ಬಣ್ಣ ಉಟ್ಟಿರಲಿಲ್ಲ. ಕೊನೆಗೆ ಅಮ್ಮ ಆರಿಸಿದ್ದನ್ನೇ ಕಟ್ಟಿಸಿಕೊಂಡೆ. ಮನೆಗೆ ಬರುವಾಗ ಬಸ್ಸಿನಲ್ಲಿ ಅಳು ತಡೆಯಲಾಗಲಿಲ್ಲ.

ಆಫೀಸಿನಲ್ಲಿ ಎಲ್ಲರೂ ನನ್ನನ್ನು ತಾಳ್ಮೆಯವಳು ಅನ್ನುತ್ತಾರೆ. ಆ ತಾಳ್ಮೆ ನನ್ನದಾ? ಅಲ್ಲಿ ಏನಾದರೂ ಕೇಳಿದರೆ “ನಿನ್ನ ಅಹಂ ಮಾತಾಡ್ತಿದೆ” ಎಂಬ ಒಂದೇ ಉತ್ತರ. ಯಾರ ಮೇಲಾದರೂ ಕೋಪ ಬಂದಿದ್ದರೆ ಗುರುವಾರದ ಸಭೆಯಲ್ಲಿ ಎದ್ದು ನಿಂತು ಎಲ್ಲರೆದುರು ಹೇಳಿಕೊಳ್ಳಬೇಕಿತ್ತು. ಹೇಳಿಕೊಳ್ಳುವ ಭಯಕ್ಕೆ ಕೋಪ ಮಾಡಿಕೊಳ್ಳುವುದನ್ನೇ ಬಿಟ್ಟೆ. ಸೇರುವ ಮೊದಲು ನಾನು ಜಗಳಗಂಟಿಯಾಗಿದ್ದೆ ಅಂತ ತಂಗಿ ಹೇಳುತ್ತಾಳೆ. ಚೆನ್ನಾಗಿ ಹಾಡುತ್ತಿದ್ದೆನಂತೆ. ಈಗ ಬಾಯಿ ತೆರೆದರೆ ಅಲ್ಲಿಯ ಭಜನೆಯ ಧಾಟಿಯೇ ಬರುತ್ತದೆ, ಅದಕ್ಕೆ ಹಾಡುವುದೇ ಇಲ್ಲ.

ಆ 22ರ ಹುಡುಗಿ ಎಲ್ಲಿ ಹೋದಳು? ವಾಪಸ್ ಬರುತ್ತಾಳಾ? ಬರದಿದ್ದರೆ ಈಗ ಇಲ್ಲಿ ಕೂತು ಬರೆಯುತ್ತಿರುವವಳು ಯಾರು?

ಕುಕ್ಕರಹಳ್ಳಿ:

ತುಂಗಾತೀರ ಅವರೇ, ಬರೆದದ್ದು ಒಳ್ಳೆಯದಾಯಿತು. ನಾನು ಮೈಸೂರಿನಲ್ಲಿ ಆಪ್ತಸಮಾಲೋಚಕಿ. ನಿಮ್ಮಂಥ ಕೆಲವರು ನನ್ನ ಬಳಿ ಬಂದಿದ್ದಾರೆ. ಬಂದವರೆಲ್ಲ ಮೊದಲು ಹೇಳುವುದು ಗುರುವಿನ ವಿಷಯ ಅಲ್ಲ. ಹೋಟೆಲಿಗೆ ಹೋದರೆ ಏನು ತಿನ್ನಬೇಕು ಅಂತ ಗೊತ್ತಾಗುವುದಿಲ್ಲ, ಭಾನುವಾರ ಬಂದರೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ ಎಂಬ ಮಾತೇ ಮೊದಲು ಬರುತ್ತದೆ. ನಿಮ್ಮ ಸೀರೆ ಅಂಗಡಿಯೂ ಅದೇ.

ನಿಮಗೆ ಆಗುತ್ತಿರುವುದನ್ನು ಬಲ್ಲವರು ಇದ್ದಾರೆ. ರಾಬರ್ಟ್ ಲಿಫ್ಟನ್ ಎಂಬ ಅಮೆರಿಕದ ಮನೋವೈದ್ಯರು 1950ರ ದಶಕದ ನಡುವಿನಲ್ಲಿ ಹಾಂಗ್‌ಕಾಂಗ್‌ನಲ್ಲಿ ಕೂತು, ಚೀನಾದಲ್ಲಿ ಕಮ್ಯುನಿಸ್ಟ್ ಸರ್ಕಾರ ಜನರ ಯೋಚನೆಯನ್ನೇ ಬಲವಂತವಾಗಿ ಬದಲಿಸುತ್ತಿದ್ದ ‘ವಿಚಾರ ಸುಧಾರಣೆ’ಗೆ ಒಳಗಾಗಿ ಹೊರಬಂದವರನ್ನು ಮಾತಾಡಿಸಿದರು. 25 ಮಂದಿ ಪಾಶ್ಚಾತ್ಯರು, 15 ಮಂದಿ ಚೀನೀಯರು. 1961ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ವಾತಾವರಣದ ಎಂಟು ಲಕ್ಷಣ ಹೇಳಿದ್ದಾರೆ. ಅದರಲ್ಲಿ ಎರಡನ್ನು ನೀವೇ ಬರೆದಿದ್ದೀರಿ. ಒಂದು, ಮನಸ್ಸಿನಲ್ಲಿರುವುದನ್ನೆಲ್ಲ ಗುಂಪಿನ ಎದುರು ಒಪ್ಪಿಸುವುದು. ಎರಡನೆಯದು, ಯೋಚನೆ ಶುರುವಾಗುವ ಜಾಗದಲ್ಲೇ ಅದಕ್ಕೆ ಬೀಗ ಹಾಕುವ ಸಿದ್ಧವಾಕ್ಯ. “ಅಹಂ ಮಾತಾಡ್ತಿದೆ” ಅನ್ನುವುದು ಅಂಥ ಬೀಗ. ಅದಕ್ಕೆ ಎದುರಾಗಿ ಏನು ಹೇಳಿದರೂ ಅದೂ ಅಹಂಕಾರವೇ ಆಗುತ್ತದೆ.

ಮಾರ್ಗರೆಟ್ ಸಿಂಗರ್ ಎಂಬ ಮನಶ್ಶಾಸ್ತ್ರಜ್ಞೆ ಇನ್ನೊಂದನ್ನು ಗುರುತಿಸಿದರು. ಬಿಟ್ಟು ಬಂದವರು ಒಂದು ವಾಸನೆ, ಒಂದು ಹಾಡು, ಒಂದು ಪದ ತಾಗಿದ ಕೂಡಲೇ ಮತ್ತೆ ಆ ಹಳೆಯ ಸ್ಥಿತಿಗೆ ಜಾರುತ್ತಾರೆ. ಅದನ್ನವರು ‘ತೇಲುವುದು’ ಅಂದರು. ಭಜನೆಯ ಧಾಟಿ ಬಂದಾಗ ನೀವು ಬಾಯಿ ಮುಚ್ಚಿಕೊಳ್ಳುವುದು ತೇಲಿಹೋಗದಿರಲಿ ಎಂಬ ಎಚ್ಚರ. ತಪ್ಪೇನಿಲ್ಲ.

ಅಮೆರಿಕದ ಮನೋವೈದ್ಯರ ಕೈಪಿಡಿಯ 2013ರ ಆವೃತ್ತಿಯಲ್ಲಿ, ದೀರ್ಘಕಾಲದ ತೀವ್ರ ಒತ್ತಾಯದ ಮನವೊಲಿಕೆಯಿಂದ ತನ್ನ ಗುರುತೇ ಕದಡಿಹೋಗುವ ಸ್ಥಿತಿಯ ಉಲ್ಲೇಖ ಇದೆ. ಇದನ್ನು ಓದಿ ನೀವೇ ನಿಮಗೆ ಕಾಯಿಲೆಯ ಹೆಸರು ಇಟ್ಟುಕೊಳ್ಳಬೇಡಿ. ನಿದ್ದೆ ಕೆಟ್ಟಿದ್ದರೆ, ಬದುಕು ಬೇಡ ಅನ್ನಿಸುತ್ತಿದ್ದರೆ ಮಾತ್ರ ತಡ ಮಾಡಬೇಡಿ. 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲೂ ರಾತ್ರಿಯೂ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸಾಧನಕೇರಿ:

ಅಕ್ಕಾರ, ನಿಮ್ಮ ಸಂಕಟ ತಿಳೀತದ. ಆದ್ರ ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ.

ನಮ್ಮ ಅಕ್ಕ 20 ವರ್ಷದಿಂದ ಒಂದು ಆಶ್ರಮದಾಗ ಇದ್ದಾಳ. ಆಕಿಗೆ ಹೊಸ ಹೆಸರು ಇಟ್ಟಾರ, ಆಕಿನೂ ಬಿಳಿ ಸೀರಿನ ಉಡ್ತಾಳ. ಮಠದಾಗ ಸ್ವಾಮಿಗಳಾಗೋರಿಗೂ ಹೆಸರು ಬದಲಿ ಮಾಡ್ತಾರ, ಪೂರ್ವಾಶ್ರಮದ ಸುದ್ದಿ ಯಾರೂ ತಗಿಯೂದಿಲ್ಲ. ಗುರುವಿಗೆ ಶರಣಾಗೂದು ನಮ್ಮ ನೆಲದಾಗ ಹೊಸಾದೇನಲ್ಲ. ಎಲ್ಲಾನೂ ‘ತಲಿ ತೊಳಿಯೂದು’ (ಬ್ರೈನ್‌ವಾಷ್) ಅಂದುಬಿಟ್ರ ಹೆಂಗ? ಎಲೀನ್ ಬಾರ್ಕರ್ ಅಂತ ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಅದಾರ. ಕೊರಿಯಾದ ಸನ್ ಮ್ಯುಂಗ್ ಮೂನ್ ಕಟ್ಟಿದ ಮೂನ್ ಪಂಥದವರ ಶಿಬಿರಕ್ಕ ಹೋದವರ ಲೆಕ್ಕಾ ಹಾಕಿ 1984ರಾಗ ಪ್ರಕಟ ಮಾಡಿದ್ರು. ಹೋದ ಹತ್ತು ಮಂದ್ಯಾಗ ಒಬ್ಬರೂ ಪೂರ್ತಿ ಸೇರಲಿಲ್ಲ, ಸೇರಿದವರಾಗೂ ಭಾಳ ಮಂದಿ ಎರಡು ವರ್ಷದಾಗ ತಾವಾಗೇ ಬಿಟ್ಟು ಬಂದ್ರು. ಮನಸ್ಸು ಕಸಗೊಳ್ಳೋ ಯಂತ್ರ ಇದ್ದಿದ್ರ ಹಿಂಗ ಆಗ್ತಿತ್ತೇನ್ರಿ?

ನೀವು ಸುಳ್ಳು ಹೇಳ್ತೀರಿ ಅನ್ನಾಕತ್ತಿಲ್ಲ. ಆದ್ರ ಆಗ ಸೇರಿದಾಕಿ ನೀವ, ಈಗ ಬಿಟ್ಟಾಕಿನೂ ನೀವ. ನಡುವಿನ ಹನ್ನೊಂದು ವರ್ಷ ಮಾತ್ರ ಬ್ಯಾರೆ ಯಾರೋ ಇದ್ರು ಅಂದ್ರ ನನಗ ಒಪ್ಪಿಗಿ ಆಗೂದಿಲ್ಲ.

ತುಂಗಾತೀರ:

ಸಾಧನಕೇರಿಯವರೇ, ನಿಮ್ಮ ಕೊನೆಯ ಮಾತು ರಾತ್ರಿಯೆಲ್ಲ ಕೊರೆಯಿತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದು ಪ್ರಶ್ನೆ: ನಿಮ್ಮ ಅಕ್ಕ ಮನೆಗೆ ಬರುತ್ತಾರಾ? ಬಂದಾಗ ನಿಮ್ಮ ಜೊತೆ ಜಗಳ ಆಡುತ್ತಾರಾ?

ಸಾಧನಕೇರಿ:

ದೀಪಾವಳಿಗೆ ಬರ್ತಾಳ. ಅವ್ವನ ಜೋಡಿ ಕೂತು ಹೋಳಿಗಿ ಮಾಡ್ತಾಳ. ಜಗಳ ಏನ್ ಕೇಳ್ತೀರಿ, ಹೋದ ವರ್ಷ ಹೊಲದ ವಿಷಯಕ್ಕ ನನಗ ಹಿಗ್ಗಾಮುಗ್ಗಾ ಬೈದು ಹೋಗ್ಯಾಳ.

ತುಂಗಾತೀರ:

ಹಾಗಾದರೆ ನಿಮ್ಮ ಅಕ್ಕ ಇರುವ ಜಾಗವೂ ನಾನಿದ್ದ ಜಾಗವೂ ಒಂದೇ ಅಲ್ಲ. ಬಿಳಿ ಸೀರೆ ಎರಡು ಕಡೆಯೂ ಇರಬಹುದು.

ಅಪ್ಪ ತೀರಿಹೋದ ಮೇಲಿನ ಮೊದಲ ವರ್ಷದ ತಿಥಿಗೆ ನನ್ನನ್ನು ಕಳಿಸಲಿಲ್ಲ. ಬಾಗಿಲಿಗೆ ಯಾರೂ ಅಡ್ಡ ನಿಲ್ಲಲಿಲ್ಲ. “ಹೋಗಬೇಕು ಅನ್ನಿಸಿದರೆ ಹೋಗು, ಆದರೆ ಹೋಗಬೇಕು ಅನ್ನಿಸುತ್ತಿರುವುದು ಯಾರಿಗೆ ಅಂತ ನೋಡಿಕೋ” ಅಂದರು. ನಾನು ಹೋಗಲಿಲ್ಲ. ಹೋಗದೆ ಇದ್ದದ್ದಕ್ಕೆ ಆ ಗುರುವಾರ ಎಲ್ಲರೂ ಚಪ್ಪಾಳೆ ತಟ್ಟಿದರು, ನನಗೆ ಖುಷಿಯೂ ಆಯಿತು. ನನ್ನನ್ನು ಇವತ್ತಿಗೂ ಸುಡುವುದು ಆ ಖುಷಿ.

ಪೂರ್ವಾಶ್ರಮದ ಮಾತು ಎತ್ತಿದಿರಿ. ಆ ಪದಕ್ಕೆ ನಮ್ಮಲ್ಲಿ ಗೌರವ ಇದೆ. ಆದರೆ ಸನ್ಯಾಸ ತೊರೆದು ಬಂದವರಿಗೆ ಇರುವ ಪದ ಯಾವುದು ಗೊತ್ತಲ್ಲ, ಆರೂಢಪತಿತ. ಮೇಲೆ ಏರಿ ಕೆಳಗೆ ಬಿದ್ದವನು. ನಮ್ಮ ಗುಂಪಿನಲ್ಲಿ ಯಾರೂ ಶಾಸ್ತ್ರೋಕ್ತ ಸನ್ಯಾಸ ತೆಗೆದುಕೊಂಡಿರಲಿಲ್ಲ. ಆದರೂ ಬಿಟ್ಟು ಹೋದವರ ಹೆಸರು ಬಂದರೆ ಅದೇ ಪದ ಆಡುತ್ತಿದ್ದರು. ನಾನೂ ಆಡಿದ್ದೇನೆ. ಬಿಟ್ಟು ಹೋದ ಒಬ್ಬಾಕೆ ಮೆಜೆಸ್ಟಿಕ್ಕಿನಲ್ಲಿ ಎದುರಾದಾಗ ಮುಖ ತಿರುಗಿಸಿ ನಡೆದಿದ್ದೇನೆ. ಒಳಗೆ ಹೋಗುವವರಿಗೆ ನೂರು ಹೆಸರು ಇರುವ ಭಾಷೆಯಲ್ಲಿ ಹೊರಗೆ ಬರುವವರಿಗೆ ಬಿದ್ದವಳು ಅನ್ನುವುದು ಬಿಟ್ಟು ಬೇರೆ ಪದ ನನಗೆ ಇನ್ನೂ ಸಿಕ್ಕಿಲ್ಲ.

ಕಡಲತಡಿ:

ನಾನು ಉಡುಪಿ ಕಡೆಯವ. ಈ ಚರ್ಚೆ ನೋಡಿ ನಿನ್ನೆಯಿಂದ ಬರೀಬೇಕು ಅಂತ ಉಂಟು.

ಅಕ್ಕಾ, ನೀವು 22ರ ಹುಡುಗಿಯನ್ನು ಹುಡುಕುತ್ತಿದ್ದೀರಿ. ನನಗೆ ಹುಡುಕಲಿಕ್ಕೆ ಯಾರೂ ಇಲ್ಲ. ನಾನು ಹುಟ್ಟಿದ್ದೇ ಅಂಥದ್ದರ ಒಳಗೆ. ನಮ್ಮದೊಂದು ಸಣ್ಣ ಪ್ರಾರ್ಥನಾ ಗುಂಪು, ಮೂವತ್ತು ಮನೆ ಇರಬಹುದು. ಲೋಕ ಇನ್ನೇನು ಮುಗಿಯುತ್ತದೆ ಎಂದು ನಂಬಿದ್ದವರು. ಮುಗಿಯುವ ಲೋಕಕ್ಕೆ ಪಿಯುಸಿ ಯಾಕೆ ಅಂತ ಹತ್ತನೇ ಕ್ಲಾಸಿಗೆ ಶಾಲೆ ಬಿಡಿಸಿದರು. ಟಿವಿ ಇಲ್ಲ, ಹೊರಗಿನವರ ಮದುವೆಗೆ ಹೋಗುವ ಹಾಗಿಲ್ಲ. 24ಕ್ಕೆ ಬಿಟ್ಟೆ, ಈಗ 29. ಅಪ್ಪ ಅಮ್ಮ ಮಾತಾಡುವುದಿಲ್ಲ.

ಹಾಗಾಗಿ “ನಿಮ್ಮ ನಿಜವಾದ ವ್ಯಕ್ತಿತ್ವ ಒಳಗೆ ಮುಚ್ಚಿಹೋಗಿದೆ, ಕಸ ಗುಡಿಸಿದರೆ ಸಿಗುತ್ತದೆ” ಅಂತ ಯಾರಾದರೂ ಹೇಳಿದರೆ ನನಗೆ ಭಯ ಆಗುತ್ತದೆ. ಸ್ಟೀವನ್ ಹಸನ್ ಅಂತ ಅಮೆರಿಕದವರೊಬ್ಬರು, ಹಿಂದೆ ಮೂನ್ ಪಂಥದಲ್ಲಿದ್ದು 1976ರಲ್ಲಿ ವ್ಯಾನ್ ಅಪಘಾತ ಆದ ಮೇಲೆ ಬಿಟ್ಟು ಬಂದವರು, ಅಸಲಿ ವ್ಯಕ್ತಿತ್ವ ಒಂದು, ಗುಂಪು ಕಟ್ಟಿದ ವ್ಯಕ್ತಿತ್ವ ಇನ್ನೊಂದು ಅಂತ ವಿವರಿಸುತ್ತಾರೆ. ದೊಡ್ಡವರಾದ ಮೇಲೆ ಸೇರಿದವರಿಗೆ ಅದು ಸರಿ ಇರಬಹುದು. ನಾನು ಗುಡಿಸುತ್ತಾ ಹೋದರೆ ಕೊನೆಗೆ ನೆಲವೂ ಸಿಗದಿದ್ದರೆ?

ನನಗೆ ಆದದ್ದು ಹೇಳುತ್ತೇನೆ. ನಮ್ಮ ಮನೆ ಪಕ್ಕದ ಗದ್ದೆಯಲ್ಲಿ ವರ್ಷಕ್ಕೊಮ್ಮೆ ಬಯಲಾಟ ಇರುತ್ತಿತ್ತು. ಚೆಂಡೆ ಶುರುವಾದ ಕೂಡಲೇ ಅಮ್ಮ ಕಿಟಕಿ ಎಲ್ಲ ಹಾಕಿ ನಮ್ಮನ್ನು ಪ್ರಾರ್ಥನೆಗೆ ಕೂರಿಸುತ್ತಿದ್ದರು. ಅದು ಸೈತಾನನ ಸದ್ದು ಅಂತ ಕಲಿಸಿದ್ದು. ಬಿಟ್ಟು ಬಂದ ವರ್ಷ ಗೆಳೆಯನೊಬ್ಬ ಆಟಕ್ಕೆ ಕರೆದ. ಹೋದೆ. ಚೆಂಡೆಯ ಮೊದಲ ಪೆಟ್ಟಿಗೆ ಮೈಯೆಲ್ಲ ಬೆವರಿ ಎದ್ದು ಹೊರಗೆ ಬಂದೆ. ಚರುಮುರಿ ಅಂಗಡಿಯ ಹತ್ತಿರ ನಿಂತೆ. ಪುನಃ ಒಳಗೆ ಹೋದೆ, ಪುನಃ ಬಂದೆ. ಹೀಗೆ ನಾಲ್ಕೈದು ಸಲ. ಕೊನೆಗೆ ನೆಲದಲ್ಲೇ ಕೂತು ನೋಡಿದೆ. ಬಣ್ಣದ ವೇಷ ರಂಗಕ್ಕೆ ಬರುವಾಗ ನನಗೆ ಗೊತ್ತಿಲ್ಲದೆ ಮುಂದಕ್ಕೆ ಬಗ್ಗಿ ಕೂತಿದ್ದೆ. ಇದು ನನಗೆ ಇಷ್ಟ ಅಂತ ಗೊತ್ತಾಗಲಿಕ್ಕೆ ಬೆಳಗಾಗಬೇಕಾಯಿತು. ಅದು ಒಳಗೆ ಮುಚ್ಚಿಟ್ಟದ್ದಲ್ಲ, ಆ ರಾತ್ರಿ ಹುಟ್ಟಿದ್ದು.

ಆಮೇಲೆ ಒಂದು ನೋಟ್‌ಬುಕ್ ಮಾಡಿದೆ. ಮೂರು ಗೆರೆ ಎಳೆದೆ: ಇಷ್ಟ, ಇಷ್ಟ ಇಲ್ಲ, ಗೊತ್ತಿಲ್ಲ. ಬೂತಾಯಿ ಮೀನು ಇಷ್ಟ. ಕ್ರಿಕೆಟ್ ಇಷ್ಟ ಇಲ್ಲ, ಇದು ತಿಳಿಯಲಿಕ್ಕೆ ಎರಡು ವರ್ಷ ಬೇಕಾಯಿತು, ಯಾಕೆಂದರೆ ಎಲ್ಲರಿಗೂ ಇಷ್ಟ ಇರುವುದು ನನಗೂ ಇಷ್ಟ ಇರಬೇಕು ಅಂತ ಎಣಿಸಿದ್ದೆ. ದೇವರು, ಇನ್ನೂ ಗೊತ್ತಿಲ್ಲ. ಆ ಮೂರನೆಯ ಸಾಲೇ ನನಗೆ ದೊಡ್ಡದು. ನಮ್ಮ ಮನೆಯಲ್ಲಿ ‘ಗೊತ್ತಿಲ್ಲ’ ಅನ್ನುವ ಮಾತೇ ಇರಲಿಲ್ಲ, ಎಲ್ಲದಕ್ಕೂ ಉತ್ತರ ಬರೆದಾಗಿತ್ತು. ಸೀರೆ ಅಂಗಡಿಯಲ್ಲಿ ನೀವು ‘ಗೊತ್ತಿಲ್ಲ’ ಅಂದದ್ದು ಸೋತ ಹಾಗೆ ನಿಮಗೆ ಕಂಡಿದೆ. ನನಗೆ ಹಾಗೆ ಕಾಣುವುದಿಲ್ಲ.

ಹಿಲ್ಸ್‌ಬರೋ ಕನ್ನಡಿಗ:

ನಾನಿರುವುದು ಅಮೆರಿಕದ ಆರೆಗಾನ್‌ನಲ್ಲಿ. ಬಣ್ಣದ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ರಜನೀಶ್ (ಓಶೋ) ಅವರು 1981ರಲ್ಲಿ ಪುಣೆ ಬಿಟ್ಟು ಬಂದ ಮೇಲೆ ಶಿಷ್ಯರು ಊರು ಕಟ್ಟಿದ್ದು ಇದೇ ರಾಜ್ಯದಲ್ಲಿ, ಸುಮಾರು 64,000 ಎಕರೆಯ ರ‍್ಯಾಂಚ್‌ನಲ್ಲಿ. ಅಲ್ಲಿ ನಡೆದ ಅಪರಾಧ, ಕೋರ್ಟು ಎಲ್ಲರಿಗೂ ಗೊತ್ತಿರುವುದೇ. ನಾನು ಹೇಳಲು ಹೊರಟಿದ್ದು ಬಟ್ಟೆಯ ವಿಷಯ.

ದೀಕ್ಷೆ ಪಡೆದವರೆಲ್ಲ ಕಾವಿ, ಕೆಂಪು ಛಾಯೆಯ ಬಟ್ಟೆ ಹಾಕಬೇಕಿತ್ತು. ಕೊರಳಲ್ಲಿ ಗುರುವಿನ ಚಿತ್ರವಿರುವ 108 ಮಣಿಯ ಮಾಲೆ, ‘ಮಾ’ ಅಥವಾ ‘ಸ್ವಾಮಿ’ ಎಂದು ಶುರುವಾಗುವ ಹೊಸ ಹೆಸರು. 1985ರ ಸೆಪ್ಟೆಂಬರಿನಲ್ಲಿ ಆಡಳಿತ ನಡೆಸುತ್ತಿದ್ದ ಮಾ ಆನಂದ ಶೀಲಾ ಅವರು ದೇಶ ಬಿಟ್ಟು ಹೋದರು. ಅದಾಗಿ ಕೆಲವೇ ದಿನಕ್ಕೆ ಗುರುವೇ ಕೆಂಪು ಬಟ್ಟೆ, ಮಾಲೆ ಇನ್ನು ಕಡ್ಡಾಯವಲ್ಲ ಅಂದುಬಿಟ್ಟರು. ಇಷ್ಟು ವರ್ಷದ ವೇಷ ಒಂದೇ ದಿನಕ್ಕೆ ಕಳಚಿತು.

ನಮ್ಮ ಬೀದಿಯಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರಿದ್ದಾರೆ. ಆ ಊರಿನಲ್ಲಿ ಇದ್ದವರು. ನಾನು ಭಾರತದವನೆಂದು ತಿಳಿದಾಗ ತಮ್ಮ ಸಂಸ್ಕೃತ ಹೆಸರಿನ ಉಚ್ಚಾರ ಸರಿಯಿದೆಯಾ ಅಂತ ಕೇಳಿದ್ದರು. ಅಂಗಡಿಗೆ ಹೋಗಿ ನೀಲಿ ಅಂಗಿಯೊಂದನ್ನು ಕೈಯಲ್ಲಿ ಹಿಡಿದು ಅರ್ಧ ಗಂಟೆ ನಿಂತಿದ್ದೆ ಅಂತ ಅವರೂ ಹೇಳಿದ್ದರು, ತುಂಗಾತೀರ ಅವರೇ, ನಿಮ್ಮ ಹಾಗೆಯೇ. ಕೆಂಪು ಮತ್ತೆ ಹಾಕಿಲ್ಲ. ಆದರೆ ಹೆಸರು ಬಿಡಲಿಲ್ಲ. ಯಾಕೆ ಅಂತ ಕೇಳಿದೆ. “ಕೊಟ್ಟವರು ಯಾರೇ ಆಗಲಿ, 40 ವರ್ಷ ಇದನ್ನು ಹೊತ್ತವಳು ನಾನು. ಗೆಳತಿಯರು ನನ್ನನ್ನು ಕರೆಯುವುದು ಇದೇ ಹೆಸರಿನಿಂದ” ಅಂದರು.

ಪಕ್ಕದ ಆಂಟೆಲೋಪ್ ಎಂಬ ಪುಟ್ಟ ಊರಿಗೆ 1984ರಲ್ಲಿ ರಜನೀಶ್ ಅಂತಲೇ ಹೆಸರು ಬದಲಿಸಿದ್ದರು. ಮರುವರ್ಷ ನವೆಂಬರಿನಲ್ಲಿ ಊರವರು ಮತ ಹಾಕಿ ಹಳೆಯ ಹೆಸರು ತಂದುಕೊಂಡರು. ಊರಿಗೆ ಅದು ಒಂದು ಮತದಾನದ ಕೆಲಸ. ಮನುಷ್ಯರಿಗೆ ಹಾಗಾಗುವುದಿಲ್ಲ ಅಂತ ಆ ಹೆಂಗಸನ್ನು ನೋಡಿ ಅನ್ನಿಸಿತು.

ಕರಿಕೋಟು:

ವಕೀಲನಾಗಿ ಎರಡೇ ಮಾತು. ಯಾವ ಗುಂಪಿನಲ್ಲಿದ್ದರೂ ಬಿಡುವ ಹಕ್ಕು ನಿಮ್ಮದೇ, ಸಂವಿಧಾನದ 25ನೇ ವಿಧಿಯ ಆತ್ಮಸಾಕ್ಷಿಯ ಸ್ವಾತಂತ್ರ್ಯದಲ್ಲಿ ಅದೂ ಸೇರಿದೆ. ಒಳಗಿದ್ದಾಗ ಆಸ್ತಿ, ದುಡ್ಡು ಬರೆದುಕೊಟ್ಟವರು ‘ನಾನೇ ಸಹಿ ಹಾಕಿದ್ದೇನಲ್ಲ’ ಎಂದು ಕೈಚೆಲ್ಲಬೇಡಿ. 1872ರ ಒಪ್ಪಂದ ಕಾಯ್ದೆಯ 16ನೇ ಸೆಕ್ಷನ್ ‘ಅನುಚಿತ ಪ್ರಭಾವ’ದ ಬಗ್ಗೆಯೇ ಇದೆ. ವಯಸ್ಸಾದ ಶಿಷ್ಯನೊಬ್ಬ ಪರಲೋಕದ ಪುಣ್ಯಕ್ಕೆಂದು ಆಸ್ತಿಯನ್ನೆಲ್ಲ ತನ್ನ ಗುರುವಿಗೆ ಬರೆದುಕೊಟ್ಟಿದ್ದ ದಾನವನ್ನು ಅಲಹಾಬಾದ್ ಹೈಕೋರ್ಟು 1890ರಷ್ಟು ಹಿಂದೆಯೇ ಎತ್ತಿಹಿಡಿಯಲು ಒಪ್ಪಲಿಲ್ಲ. ಆದರೆ ಇಂಥ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು ಇರುತ್ತದೆ. ಪತ್ರಗಳನ್ನು ಹಿಡಿದುಕೊಂಡು ಬೇಗ ವಕೀಲರನ್ನು ಕಾಣಿ.

ಕುಕ್ಕರಹಳ್ಳಿ:

ಕಡಲತಡಿಯವರ ಆಕ್ಷೇಪ ನನ್ನನ್ನೂ ಯೋಚನೆಗೆ ಹಚ್ಚಿತು. ಸಾಧನಕೇರಿಯವರು ಹೇಳಿದ್ದರಲ್ಲೂ ಹುರುಳಿದೆ. ಇಂಥ ಗುಂಪುಗಳ ಮನವೊಲಿಕೆಯ ಬಗ್ಗೆ ಸಿಂಗರ್ ಅವರ ನೇತೃತ್ವದ ಸಮಿತಿ ಕೊಟ್ಟ ವರದಿಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವೇ 1987ರಲ್ಲಿ ಒಪ್ಪಲಿಲ್ಲ. ಆ ವಾದ ಇವತ್ತಿಗೂ ಮುಗಿದಿಲ್ಲ. ಆದರೆ ಬಾರ್ಕರ್ ಅವರ ಲೆಕ್ಕ ಹೇಳುವುದು ಬಹಳ ಜನ ಸುಲಭವಾಗಿ ಒಳಗಾಗುವುದಿಲ್ಲ ಅಂತ. ಹನ್ನೊಂದು ವರ್ಷ ಇದ್ದವರಿಗೆ ಏನಾಗುತ್ತದೆ ಅನ್ನುವ ಪ್ರಶ್ನೆ ಬೇರೆ.

ಇಷ್ಟು ವರ್ಷದ ಅನುಭವದಲ್ಲಿ ನಾನು ಕೇಳುವ ಪ್ರಶ್ನೆಯೂ ಬದಲಾಗಿದೆ. ಮೊದಲು “ಇದು ನಿಮ್ಮದಾ, ಗುಂಪಿನದಾ?” ಅಂತ ಕೇಳುತ್ತಿದ್ದೆ. ಬಂದವರು ತಮ್ಮನ್ನೇ ಅಕ್ಕಿ ಆರಿಸಿದ ಹಾಗೆ ಆರಿಸಲು ಕೂರುತ್ತಿದ್ದರು, ಕಲ್ಲು ಹುಡುಕಿ ಹುಡುಕಿ ಸುಸ್ತಾಗುತ್ತಿದ್ದರು. ಈಗ “ಇದನ್ನು ಮಾಡದೇ ಇದ್ದರೆ ಏನಾಗುತ್ತದೆ ಅಂತ ಭಯ?” ಅಂತ ಕೇಳುತ್ತೇನೆ. ಬೆಳಗಿನ ನಾಲ್ಕಕ್ಕೆ ಎಚ್ಚರವಾದರೆ ಎದ್ದು ಕಾಫಿ ಮಾಡಿಕೊಂಡು ಹಕ್ಕಿ ಸದ್ದು ಕೇಳುವವರು ಒಬ್ಬರು. ಮಲಗಿದರೆ ಪಾಪ ತಟ್ಟುತ್ತದೆ ಅಂತ ಏಳುವವರು ಇನ್ನೊಬ್ಬರು. ಏಳುವ ಹೊತ್ತು ಇಬ್ಬರಿಗೂ ಅದೇ.

ತಾಳ್ಮೆಯನ್ನೂ ಹಾಗೇ ನೋಡಿ. ಆಫೀಸಿನಲ್ಲಿ ಒಂದು ಸಲ, ಒಂದೇ ಸಲ, ತಾಳ್ಮೆ ಬಿಟ್ಟು ನೋಡಿ.

ತುಂಗಾತೀರ:

ಹತ್ತು ದಿನ ಆಯಿತು, ಉತ್ತರಿಸಲಾಗಲಿಲ್ಲ. ಎಲ್ಲರೂ ಬರೆದದ್ದನ್ನು ಎರಡೆರಡು ಸಲ ಓದಿದೆ.

ಆಫೀಸಿನಲ್ಲಿ ಆಗಲಿಲ್ಲ, ಮನೆಯಲ್ಲೇ ಆಯಿತು. ನಾಮಕರಣದ ದಿನ ತಂಗಿ ನನ್ನನ್ನು ಕೇಳದೆ ನೆಂಟರೆದುರು “ಅಕ್ಕ ಈಗ ಪೂರ್ತಿ ಸರಿ ಹೋಗಿದಾಳೆ” ಅಂದಳು. ಅಡುಗೆಮನೆಗೆ ಕರೆದು ಜಗಳ ಆಡಿದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ಕೈ ನಡುಗುತ್ತಿತ್ತು, ಗುರುವಾರ ಯಾವತ್ತು ಅಂತ ಮನಸ್ಸು ಲೆಕ್ಕ ಹಾಕುತ್ತಿತ್ತು. ಮೂರು ದಿನ ಇಬ್ಬರೂ ಮಾತು ಬಿಟ್ಟೆವು. ಬಿಟ್ಟದ್ದಕ್ಕೆ ಯಾರ ಎದುರೂ ಎದ್ದು ನಿಂತು ಒಪ್ಪಿಸಬೇಕಾಗಿ ಬರಲಿಲ್ಲ. ನಾಲ್ಕನೇ ದಿನ ಅವಳೇ ಫೋನ್ ಮಾಡಿ ಮಗುವಿಗೆ ಬಜೆ ತೇಯುವುದು ಹೇಗೆ ಅಂತ ಕೇಳಿದಳು. ಅಮ್ಮ ಪಕ್ಕದಲ್ಲೇ ಇದ್ದರೂ ನನ್ನನ್ನು ಕೇಳಿದಳು.

ಸಾಧನಕೇರಿಯವರೇ, ಆಗಲೇ ಉತ್ತರ ಕೊಡುತ್ತೇನೆ ಅಂದಿದ್ದೆ. ನೀವು ಹೇಳಿದ್ದು ನಿಜ, ನಡುವೆ ಇದ್ದವಳೂ ನಾನೇ. ಇದನ್ನು ಒಪ್ಪಿಕೊಳ್ಳುವುದು ಕಷ್ಟ. ಅವಳು ಬೇರೆ ಯಾರೋ ಅಂದರೆ ಮೆಜೆಸ್ಟಿಕ್ಕಿನಲ್ಲಿ ಮುಖ ತಿರುಗಿಸಿದವಳೂ ಬೇರೆ ಯಾರೋ ಆಗುತ್ತಾಳೆ, ನನ್ನ ಮೇಲೆ ಏನೂ ಬರುವುದಿಲ್ಲ. ಆದರೆ ಆ ಹೆಂಗಸಿನ ಕ್ಷಮೆ ಕೇಳಬೇಕಾದವಳು ನಾನು. ಅದೇ ನಡುವಿನವಳೇ ಅಲ್ಲಿ ನೂರು ಜನರ ಅಡುಗೆ ಲೆಕ್ಕ ನೋಡುತ್ತಿದ್ದಳು, ಜ್ವರ ಬಂದವರ ಪಕ್ಕ ರಾತ್ರಿಯೆಲ್ಲ ಕೂರುತ್ತಿದ್ದಳು. ಇವತ್ತು ನನ್ನ ಹೊಟ್ಟೆಪಾಡು ನಡೆಯುತ್ತಿರುವುದು ಆ ಲೆಕ್ಕ ಬಂದಿದ್ದರಿಂದ. ಅದನ್ನು ಬಿಸಾಡಿದರೆ ಹನ್ನೊಂದು ವರ್ಷವನ್ನು ಎರಡನೇ ಸಲ ಕಳೆದುಕೊಂಡ ಹಾಗೆ.

ಇನ್ನು ಆ 22ರ ಹುಡುಗಿ. ಅವಳು ಅಷ್ಟೇನೂ ಸುಖವಾಗಿರಲಿಲ್ಲ. ಅಪ್ಪ ಹೋಗಿ ಎರಡು ತಿಂಗಳಾಗಿತ್ತು, ಹಾಸ್ಟೆಲಿನ ರೂಮಿನಲ್ಲಿ ಒಬ್ಬಳೇ ಇರುತ್ತಿದ್ದಳು, ಯಾರೂ ಊಟ ಆಯ್ತಾ ಅಂತ ಕೇಳುತ್ತಿರಲಿಲ್ಲ. ಆ ಗುಂಪಿನವರು ಕೇಳಿದರು. ಅವಳು ಹೋದಳು. ಅವಳೇ ಇದ್ದ ಹಾಗೆ ವಾಪಸ್ ಬಂದರೆ ಮತ್ತೆ ಯಾರಾದರೂ ಕರೆದಲ್ಲಿಗೆ ಹೋಗುತ್ತಾಳೆ. ನನಗೆ ಅವಳ ಜಗಳ ಬೇಕು, ಹಾಡು ಬೇಕು. ಹಾಡು ಇನ್ನೂ ಬಂದಿಲ್ಲ.

ಕಡಲತಡಿ ತಮ್ಮಾ, ನೋಟ್‌ಬುಕ್ ತಂದಿದ್ದೇನೆ. ಮೂರನೇ ಸಾಲು ಆಗಲೇ ಪುಟ ದಾಟಿದೆ.

ತಿಪಟೂರು ತೆಂಗು:

ಎಲ್ಲರಿಗೂ ನಮಸ್ಕಾರ. ಮೊಬೈಲಿನಲ್ಲಿ ಕನ್ನಡ ಬರೆಯೋದು ಈಗ ಕಲಿತಿದೀನಿ, ತಪ್ಪಿದ್ರೆ ಕ್ಷಮಿಸಿ. ನನಗೆ 61. ನನ್ನ ಮಗನಿಗೆ 26. ಎರಡು ವರ್ಷದಿಂದ ಇಂಥದ್ದೇ ಒಂದು ಕಡೆ ಇದ್ದಾನೆ. ಕೆಲಸ ಬಿಟ್ಟ, ಫೋನ್ ಆಫ್. ಹೋದ ವರ್ಷ ಹುಡುಕಿಕೊಂಡು ಹೋಗಿ ಗೇಟಿನ ಹತ್ತಿರ ನಿಂತು ಅವರ ಗುರುವಿಗೆ ಬಾಯಿಗೆ ಬಂದ ಹಾಗೆ ಬೈದೆ. ಮಗ ಹೊರಗೆ ಬಂದು ಕೈ ಮುಗಿದು “ನೀವು ಯಾರೋ ನನಗೆ ಗೊತ್ತಿಲ್ಲ” ಅಂದ. ಆಮೇಲೆ ಒಳಗೆ ಬಿಡ್ತಿಲ್ಲ. ಅವರಮ್ಮ ಊಟ ಸರಿಯಾಗಿ ಮಾಡ್ತಿಲ್ಲ. ನಾಲ್ಕು ಜನ ಹುಡುಗರನ್ನ ಕರ್ಕೊಂಡು ಹೋಗಿ ಎತ್ತಾಕ್ಕೊಂಡು ಬಂದುಬಿಡಿ ಅಂತ ಊರಿನೋರು ಹೇಳ್ತಾರೆ. ತಾಯಿ, ನೀವು ಒಳಗಿದ್ದೋರು. ಏನು ಮಾಡಲಿ ಹೇಳಿ.

ಕುಕ್ಕರಹಳ್ಳಿ:

ಸರ್, ದಯವಿಟ್ಟು ಎತ್ತಾಕಿಕೊಂಡು ಬರುವ ಕೆಲಸಕ್ಕೆ ಹೋಗಬೇಡಿ. 1970ರ ದಶಕದಲ್ಲಿ ಅಮೆರಿಕದಲ್ಲಿ ಟೆಡ್ ಪ್ಯಾಟ್ರಿಕ್ ಎಂಬಾತ ಹೆತ್ತವರ ಪರವಾಗಿ ಇದನ್ನೇ ಮಾಡುತ್ತಿದ್ದ. ವಯಸ್ಸಿಗೆ ಬಂದ ಮಕ್ಕಳನ್ನು ಹಿಡಿದು ತಂದು ಕೋಣೆಯಲ್ಲಿ ಕೂಡಿಹಾಕಿ ಮನಸ್ಸು ತಿರುಗಿಸುವುದು. ಆತ ಜೈಲಿಗೆ ಹೋದ. ಹಿಡಿದು ತಂದವರಲ್ಲಿ ಎಷ್ಟೋ ಮಂದಿ ತಪ್ಪಿಸಿಕೊಂಡು ಗುಂಪಿಗೇ ಮರಳಿದರು. ನಿಮ್ಮ ಮಗ ವಯಸ್ಕ, ಕಾನೂನಿನಲ್ಲೂ ಅದು ಅಪರಾಧ. ಗುರುವನ್ನು ಬೈದಷ್ಟೂ “ಹೊರಗಿನವರು ವೈರಿಗಳು” ಅಂತ ಒಳಗೆ ಹೇಳಿಕೊಟ್ಟದ್ದು ನಿಜವಾಗುತ್ತಾ ಹೋಗುತ್ತದೆ.

ಮಿಕ್ಕದ್ದನ್ನು ತುಂಗಾತೀರ ಅವರು ನನಗಿಂತ ಚೆನ್ನಾಗಿ ಬಲ್ಲರು.

ತುಂಗಾತೀರ:

ಸರ್, “ನೀವು ಯಾರೋ ಗೊತ್ತಿಲ್ಲ” ಅಂತ ನಾನೂ ನನ್ನ ಸೋದರಮಾವನಿಗೆ ಹೇಳಿದ್ದೇನೆ. ಹೇಳಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ನಿಮ್ಮ ಮಗನಿಗೂ ಬಂದಿರಲಿಕ್ಕಿಲ್ಲ.

ನನ್ನ ಅಮ್ಮ ಏನು ಮಾಡಿದಳು ಅಂತ ಹೇಳುತ್ತೇನೆ. ಪ್ರತಿ ಯುಗಾದಿಗೆ ಒಂದು ಅಂಚೆ ಕಾರ್ಡು. ಹನ್ನೊಂದು ವರ್ಷಕ್ಕೆ ಹನ್ನೊಂದು. “ಯಾವಾಗ ಬರ್ತೀ” ಅಂತ ಒಂದರಲ್ಲೂ ಇರಲಿಲ್ಲ, ಅಳು ಇರಲಿಲ್ಲ, ಗುರುವಿನ ಮಾತೇ ಇರಲಿಲ್ಲ. ಈ ವರ್ಷ ಮಿಡಿ ಕಡಿಮೆ, ಉಪ್ಪಿನಕಾಯಿ ಎರಡೇ ಭರಣಿ ಆಯಿತು. ನಿನ್ನ ಸೈಕಲ್ಲನ್ನು ತಂಗಿ ಓಡಿಸುತ್ತಾಳೆ, ಬ್ರೇಕ್ ಹಾಕಿಸಿದೆ. ಹಿತ್ತಿಲ ಗೋಡೆ ಮಳೆಗೆ ಬಿತ್ತು, ಕಟ್ಟಿಸಿದೆ. ಅಷ್ಟೇ. ಅದರಲ್ಲಿ ತಡೆಯುವಂಥದ್ದು ಏನೂ ಇಲ್ಲದ್ದರಿಂದ ಅಲ್ಲಿಯ ಆಫೀಸಿನವರು ತಡೆಯಲಿಲ್ಲ.

ಕಾರ್ಡಿನ ಮೇಲೆ ಅಮ್ಮ ನನ್ನ ಹುಟ್ಟುಹೆಸರು ಬರೆಯುತ್ತಿದ್ದಳು. ಟಪಾಲು ಹಂಚುವವರು ಊಟದ ಹಾಲ್‌ನಲ್ಲಿ ಹೆಸರು ಕೂಗುತ್ತಿದ್ದರು. ವರ್ಷದಲ್ಲಿ ಆ ಒಂದು ದಿನ ಮಾತ್ರ ಯಾರೋ ನನ್ನ ಹೆಸರನ್ನು ಜೋರಾಗಿ ಕರೆಯುತ್ತಿದ್ದರು. ನಾನು ಎದ್ದು ಹೋಗಿ ತೆಗೆದುಕೊಳ್ಳುತ್ತಿದ್ದೆ. ಓದಿ ವಾಪಸ್ ಕೊಡಬೇಕಿತ್ತು, ಕೊಡುತ್ತಿದ್ದೆ. ಆದರೆ ಹೆಸರು ಕೇಳಿ ಎದ್ದದ್ದನ್ನು ಯಾರಿಗೂ ವಾಪಸ್ ಕೊಡಲು ಬರುತ್ತಿರಲಿಲ್ಲ.

ಕಾರ್ಡಿನ ಮೂಲೆಯಲ್ಲಿ ಮನೆಯ ಫೋನ್ ನಂಬರ್ ಇರುತ್ತಿತ್ತು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೂ ಅಮ್ಮ ಆ ಲ್ಯಾಂಡ್‌ಲೈನ್ ತೆಗೆಸಲಿಲ್ಲ. ನಾನು ಹೊರಗೆ ಬಂದ ರಾತ್ರಿ ತುಮಕೂರು ಬಸ್ ನಿಲ್ದಾಣದಲ್ಲಿ ಯಾರದ್ದೋ ಮೊಬೈಲ್ ಕೇಳಿ ಆ ನಂಬರಿಗೆ ಮಾಡಿದೆ. ನಾನು ಏನೂ ಹೇಳುವ ಮೊದಲೇ, ಉಸಿರಿನಲ್ಲೇ ಗೊತ್ತಾಯಿತೇನೋ, “ಎಲ್ಲಿದೀಯೇ, ಊಟ ಆಯ್ತಾ?” ಅಂದಳು.

ನಂಬರ್ ಬದಲಾಯಿಸಬೇಡಿ ಸರ್. ಕಾರ್ಡು ಹಾಕಿ. ಮನೆಯಲ್ಲಿ ಕರೆಯುವ ಹೆಸರನ್ನೇ ಬರೆಯಿರಿ.

ತಿಪಟೂರು ತೆಂಗು:

ಆಯ್ತು ತಾಯಿ. ಅವರಮ್ಮನಿಗೂ ಓದಿ ಹೇಳಿದೆ. ಮನೇಲಿ ಅವನನ್ನ ಗುಂಡ ಅಂತೀವಿ. ನಾಳೆ ಅಂಚೆ ಕಚೇರಿಗೆ ಹೋಗ್ತೀನಿ. ಕೆಂದ ಹಸು ಕರು ಹಾಕಿ ಹದಿನೈದು ದಿನ ಆಯ್ತು, ಹೆಣ್ಣುಗರು, ಹಣೆ ಮೇಲೆ ಬಿಳಿ ಮಚ್ಚೆ ಇದೆ. ಅದನ್ನೇ ಬರೀತೀನಿ.